ಗಣೇಶ ನೋಡುವ ವಯಸ್ಸು

ಮಂಡ್ಯದ ನಮ್ಮ ಬಡಾವಣೆಯ ವಾಟ್ಸ್ಯಾಪ್ ಗುಂಪಿನಲ್ಲಿ ನಲ್ಲಿ ನೀರು, ಬೀದಿನಾಯಿ, ಯಾರದೋ ಗೇಟಿಗೆ ಅಡ್ಡ ನಿಂತ ಯಾರದೋ ಕಾರು, ಇಷ್ಟು ಬಿಟ್ಟರೆ ಬೇರೆ ವಿಷಯ ಬರುವುದು ಕಡಿಮೆ. ಗೌರಿ ಹಬ್ಬಕ್ಕೆ ಎರಡು ದಿನವಿದೆ ಎನ್ನುವಾಗ ಬೆಳಿಗ್ಗೆ ಬೆಳಿಗ್ಗೆಯೇ ಫೋನು ಒಂದೇ ಸಮನೆ ಸದ್ದು ಮಾಡತೊಡಗಿತು. ಮೂಲೆ ಮನೆಯವರು ಬರೆದಿದ್ದರು: ‘ಹೋದ ವರ್ಷ ಗಣೇಶ ನೋಡೋಕೆ ಅಂತ ತುಂಬ ದೊಡ್ಡ ಮಕ್ಕಳೂ ಬಂದಿದ್ದರು. ಚಾಕೊಲೇಟ್ ಬಾಚಿಕೊಂಡು ಹೋದರು. ಎಷ್ಟು ವಯಸ್ಸಿನವರೆಗೆ ಬರಬಹುದು ಅಂತ ಈ ಸಲ ಎಲ್ಲರೂ ಸೇರಿ ತೀರ್ಮಾನ ಮಾಡೋಣ.’

ಒಬ್ಬರು ಹತ್ತು ಎಂದರು, ಇನ್ನೊಬ್ಬರು ಹನ್ನೆರಡು. ಒಬ್ಬ ಮಹಾಶಯರು ಆಧಾರ್ ಕಾರ್ಡ್ ನೋಡಿಯೇ ಒಳಗೆ ಬಿಡಿ ಎಂದು ನಗುವ ಮುಖಗಳನ್ನು ಸಾಲಾಗಿ ಅಂಟಿಸಿದರು. ಎರಡು ವರ್ಷ ಹೊರದೇಶದಲ್ಲಿ ಇದ್ದು ಬಂದ ಹುಡುಗಿಯೊಬ್ಬಳು, ಅಲ್ಲೂ ಮಕ್ಕಳು ದೆವ್ವದ ವೇಷ ಹಾಕಿಕೊಂಡು ಮನೆಮನೆಗೆ ಮಿಠಾಯಿ ಕೇಳಲು ಹೋಗುವ ಹಬ್ಬವಿದೆ, ಎಷ್ಟನೇ ವಯಸ್ಸಿಗೆ ನಿಲ್ಲಿಸಬೇಕು ಎಂದು ಅಲ್ಲೂ ಇದೇ ಜಗಳ ಎಂದು ತಿಳಿಸಿದಳು. ಕೊನೆಗೆ ಯಾರೋ ನನ್ನನ್ನು ಎಳೆದು ತಂದರು. ‘ಟೀಚರ್, ಮಕ್ಕಳ ವಿಷಯ ನಿಮಗೇ ಚೆನ್ನಾಗಿ ಗೊತ್ತು. ನೀವೇ ಹೇಳಿ.’

ನಾಲ್ಕು ಸಲ ಬರೆದೆ, ನಾಲ್ಕು ಸಲ ಅಳಿಸಿದೆ. ತರಗತಿಯಲ್ಲಿ ಹುಬ್ಬೇರಿಸಿದರೆ ಐವತ್ತು ಮಕ್ಕಳು ತೆಪ್ಪಗಾಗುತ್ತಾರೆ ಎಂಬ ಜಂಬ ನನಗಿದೆ. ಅಂಥವಳಿಗೆ ಒಂದು ಸಂಖ್ಯೆ ಬರೆಯಲು ಕೈ ಬರಲಿಲ್ಲ. ಏಕೆಂದರೆ ಈ ಪ್ರಶ್ನೆಗೆ ನಾನು ಒಂಬತ್ತನೇ ವಯಸ್ಸಿನಲ್ಲೇ ಒಂದು ಸಲ ಉತ್ತರ ಕೊಟ್ಟಿದ್ದೇನೆ. ಅದನ್ನು ನಿಮಗೆ ಹೇಳುತ್ತೇನೆ, ಗುಂಪಿನಲ್ಲಿ ಹೇಳಲಾರೆ.

ನಮ್ಮದು ಮಳವಳ್ಳಿ. ಬೇಸಾಯದವರ ಬೀದಿ. ನಮ್ಮಲ್ಲಿ ಮಣ್ಣಿನ ಗಣೇಶನನ್ನು ತಂದು ಕೂರಿಸುವ ಪದ್ಧತಿ ಇರಲಿಲ್ಲ. ಸಗಣಿಯ ಬೆನಕನ ತಲೆಗೆ ಗರಿಕೆ ಸಿಕ್ಕಿಸಿ ಕೈಮುಗಿದರೆ ಹಬ್ಬ ಮುಗಿಯಿತು. ಮಣ್ಣಿನ ಗಣೇಶ, ಬಣ್ಣದ ಗಣೇಶ, ತಲೆಯ ಮೇಲೆ ಛತ್ರಿ ಇರುವ ಗಣೇಶ ಎಲ್ಲ ಇರುತ್ತಿದ್ದುದು ಅಂಗಡಿಯವರ, ಮೇಷ್ಟ್ರುಗಳ, ಆಫೀಸಿನವರ ಬೀದಿಗಳಲ್ಲಿ. ಇಪ್ಪತ್ತೊಂದು ಗಣೇಶ ನೋಡಿದರೆ ಒಳ್ಳೆಯದು ಎಂದು ಯಾರು ಹೇಳಿದ್ದರೋ, ನಾವಂತೂ ಮುಷ್ಟಿಯಲ್ಲಿ ಅಕ್ಷತೆ ಹಿಡಿದು ಬೆಳಿಗ್ಗೆಯೇ ಹೊರಡುತ್ತಿದ್ದೆವು. ಬಾಗಿಲಲ್ಲಿ ನಿಂತು ‘ಗಣೇಸನ್ನ ಮಡ್ಗಿದ್ದೀರಾ?’ ಎಂದು ಕೂಗುವುದು, ಒಳಗೆ ಹೋಗಿ ಅಕ್ಷತೆ ಎರಚುವುದು, ಕಿವಿ ಹಿಡಿದು ಮೂರು ಬಸ್ಕಿ ಹೊಡೆಯುವುದು, ಆಮೇಲೆ ಭಕ್ತಿಯಿಂದ ಕೈ ಚಾಚುವುದು. ಭಕ್ತಿ ಎಂದೆನಲ್ಲ, ಅದು ಮನೆಯಿಂದ ಮನೆಗೆ ಬೇರೆಯಾಗಿತ್ತು. ಕಡಲೆಕಾಳು ಉಸಲಿ ಕೊಡುವ ಮನೆಯಲ್ಲಿ ಒಂದು ಬಸ್ಕಿಗೇ ಮುಗಿಸುತ್ತಿದ್ದ ನಾನು ಕರ್ಜಿಕಾಯಿ ಕೊಡುವ ಮನೆಯಲ್ಲಿ ಹತ್ತು ಹೊಡೆದವಳು.

ಈ ದಂಡಿನ ದಂಡನಾಯಕಿ ಮಂಜಕ್ಕ. ನನ್ನ ದೊಡ್ಡಪ್ಪನ ಮಗಳು. ಒಂದೇ ಮನೆ, ಒಂದೇ ಒಲೆ. ನನಗಿಂತ ಮೂರು ವರ್ಷ ದೊಡ್ಡವಳು, ಏಳನೇ ತರಗತಿ. ಎತ್ತರ ಎಂದರೆ ದೊಡ್ಡಪ್ಪನ ಭುಜ ದಾಟಿದ್ದಳು. ಹಿತ್ತಲ ಸೀಬೆಹಣ್ಣಿಗೆ ಕೋಲು ಬೇಕಾಗಿರಲಿಲ್ಲ, ಅವಳನ್ನು ಕರೆದರೆ ಸಾಕಿತ್ತು. ಯಾವ ಮನೆಗೆ ಮೊದಲು ಹೋಗಬೇಕು, ಯಾವ ಮನೆಯಲ್ಲಿ ಎರಡನೇ ಸಲ ಹೋದರೂ ಗುರುತು ಹಿಡಿಯುವುದಿಲ್ಲ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು ತಾವು ಹೊರಗೆ ಹೋಗುವಾಗ ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟು ಹೋಗುತ್ತಿದ್ದರು. ಮುಂದೆ ಟೀಚರಾದವಳು ನಾನು. ಆಗ ಆ ಮನೆಯಲ್ಲಿ ಟೀಚರ್ ಯಾರಾಗುತ್ತಾರೆ ಎಂದು ಯಾರನ್ನು ಕೇಳಿದ್ದರೂ ನನ್ನ ಹೆಸರು ಬರುತ್ತಿರಲಿಲ್ಲ.

ಆ ಹಬ್ಬದ ಬೆಳಿಗ್ಗೆ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಮಂಜಕ್ಕ ಒಬ್ಬಳೇ ಲಂಗ ಒಗೆಯುತ್ತಿದ್ದಳು. ಹಬ್ಬದ ದಿನ ಇದೇನು ಎಂದು ಹತ್ತಿರ ಹೋದೆ. ನೀರು ಕೆಂಪಗಿತ್ತು. ಏಟು ಬಿತ್ತೇ ಎಂದು ಕೇಳಿದೆ. ಅವಳು ಸುತ್ತ ನೋಡಿ ನನ್ನ ತೋಳು ಹಿಡಿದು ಕೂರಿಸಿಕೊಂಡಳು.

‘ದೊಡ್ಡೋಳಾಗ್ಬುಟ್ಟೆ ಕಣಮ್ಮಿ. ಯಾರ್ಗೂ ಏಳ್ಬೇಡ. ಗೊತ್ತಾದ್ರೆ ಮೂಲೇಲಿ ಕೂರ್ಸ್ಬುಡ್ತಾರೆ. ಇಸ್ಕೂಲ್ಗೂ ಕಳ್ಸಕಿಲ್ಲ ಅಂತ ಅವ್ವ ಆಗ್ಲೇ ಏಳ್ಬುಟ್ಟವ್ಳೆ. ಮುಂದಿನ ತಿಂಗ್ಳು ನೋಡ್ಕಂಡ್ರಾಯ್ತು.’

ನಾನು ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದೆ. ಆಣೆ ಮಾಡುವುದರಲ್ಲಿ ನಾನು ಬಹಳ ಧಾರಾಳಿ.

ಹದಿಮೂರು ಮನೆ ಮುಗಿಸಿ ಮೇಷ್ಟ್ರ ಮನೆಗೆ ಹೋದೆವು. ಮೇಷ್ಟ್ರ ಹೆಂಡತಿ ಬಲು ಮಡಿ. ಕರ್ಜಿಕಾಯಿಯನ್ನು ನಮ್ಮ ಕೈಗೆ ಮೇಲಿನಿಂದಲೇ ಬೀಳಿಸುತ್ತಿದ್ದರು. ನೆಲಕ್ಕೆ ಬಿದ್ದರೆ ನಮ್ಮ ಹಣೆಬರಹ. ಆದರೂ ಊರಿನಲ್ಲಿ ಅಂಥ ಕರ್ಜಿಕಾಯಿ ಇನ್ನೊಂದು ಮನೆಯಲ್ಲಿ ಇರಲಿಲ್ಲ. ಚಿಕ್ಕವರೆಲ್ಲ ಒಳಗೆ ನುಗ್ಗಿದೆವು. ಮಂಜಕ್ಕ ಹೊಸ್ತಿಲು ದಾಟುವಷ್ಟರಲ್ಲಿ ಆಯಮ್ಮ ಕೈ ಅಡ್ಡ ಮಾಡಿದರು.

‘ನೀನು ಅಲ್ಲೇ ನಿಲ್ಲು. ಇಷ್ಟುದ್ದ ಬೆಳೆದಿದೀಯ, ಇನ್ನೂ ಈ ಹುಡುಗರ ಜೊತೆ ಬರ್ತೀಯಲ್ಲ. ಎಷ್ಟು ನಿನಗೆ ವಯಸ್ಸು?’

‘ಅನ್ನೆರ್ಡು ಕಣಮ್ಮ.’

ಹನ್ನೆರಡು ಎಂದರೆ ಹನ್ನೆರಡೇ. ಆಯಮ್ಮನಿಗೆ ಬೇಕಾಗಿದ್ದುದು ಆ ಲೆಕ್ಕವಲ್ಲ. ನನ್ನನ್ನು ಗಣೇಶನ ಪಕ್ಕಕ್ಕೆ ಕರೆದು, ತಟ್ಟೆಯನ್ನು ಎದೆಗೆ ಒತ್ತಿ ಹಿಡಿದುಕೊಂಡು, ಮೆತ್ತಗೆ ಕೇಳಿದರು. ‘ನೀನು ಒಳ್ಳೆ ಹುಡುಗಿ. ದೇವರ ಮುಂದೆ ಸುಳ್ಳು ಹೇಳಬಾರದು. ನಿಮ್ಮಕ್ಕ ದೊಡ್ಡವಳಾಗಿದಾಳಾ?’

‘ಊಂ, ಇವತ್ತೇ ಆಗವ್ಳೆ’ ಎಂದೆ.

ದೇವರ ಭಯಕ್ಕೆ ಹೇಳಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ನನ್ನ ಕಣ್ಣು ಗಣೇಶನ ಮೇಲಿರಲಿಲ್ಲ, ತಟ್ಟೆಯ ಮೇಲಿತ್ತು. ಎಲ್ಲರಿಗೂ ಒಂದೊಂದು ಬಿದ್ದರೆ ನನ್ನ ಕೈಗೆ ನಾಲ್ಕು ಕರ್ಜಿಕಾಯಿ ಬಿದ್ದವು. ಬೀದಿಯ ತಿರುವು ಬರುವ ಮೊದಲೇ ಅಷ್ಟನ್ನೂ ತಿಂದೆ.

ಆಯಮ್ಮ ಮಂಜಕ್ಕನನ್ನು ಜಗುಲಿಯಿಂದಲೂ ಕೆಳಗಿಳಿಸಿದರು. ಹೊಸ್ತಿಲಿಗೆ ನೀರು ಹಾಕಿಸಿದರು. ನಾವು ಮನೆ ಸೇರುವುದಕ್ಕೆ ಮೊದಲೇ ಸುದ್ದಿ ಸೇರಿತ್ತು. ದೊಡ್ಡವ್ವ ಬಾಗಿಲಲ್ಲೇ ಕಾಯುತ್ತಿದ್ದಳು. ‘ಮುಚ್ಚಿಟ್ಕಂಡು ಊರೆಲ್ಲ ತಿರ್ಗಿದ್ದೀಯೇನೇ, ಮಾನ ಕಳ್ದ್ಯಲ್ಲೇ’ ಎಂದು ಬೆನ್ನಿಗೆ ಎರಡು ಹಾಕಿ, ಆಮೇಲೆ ತಾನೇ ಅತ್ತಳು. ಸಾಯಂಕಾಲದೊಳಗೆ ಸೋದರಮಾವ ಬಂದು ತೆಂಗಿನ ಗರಿಯ ಗುಡ್ಲು ಹಾಕಿದರು. ಮಂಜಕ್ಕನನ್ನು ಅದರೊಳಗೆ ಕೂರಿಸಿದರು.

ಗಣೇಶನನ್ನು ನೋಡಲು ಹೋದವಳನ್ನು ನೋಡಲು ಊರೇ ಬಂತು. ದಿನಾ ಆರತಿ, ಹಾಡು, ಎಳ್ಳಿನ ಚಿಗಳಿ, ಕೊಬ್ಬರಿ ಬೆಲ್ಲ. ಬಂದವರೆಲ್ಲ ಅವಳ ಬಾಯಿಗೆ ಸಿಹಿ ಇಟ್ಟು, ಮೈಯನ್ನು ಮೇಲಿಂದ ಕೆಳಗೆ ನೋಡಿ, ಇನ್ನೆರಡು ವರ್ಷದಲ್ಲಿ ಗಂಡು ನೋಡಬಹುದು ಎಂದು ಹೋದರು. ಗುಡ್ಲು ಸುಟ್ಟು ಮನೆಯೊಳಗೆ ಕರೆದುಕೊಂಡ ಮಾರನೆಯ ದಿನ ಅವಳು ಪುಸ್ತಕದ ಚೀಲ ಹೆಗಲಿಗೆ ಹಾಕಿಕೊಂಡು ನಡುಮನೆಗೆ ಬಂದಳು. ದೊಡ್ಡಪ್ಪ ಚೀಲ ಇಸಿದುಕೊಂಡು ನನ್ನ ಹೆಗಲಿಗೆ ಹಾಕಿದರು. ‘ಓದಿದ್ದು ಸಾಕು ಬುಡವ್ವ’ ಎಂದರು. ಗದರಲಿಲ್ಲ, ಮೆತ್ತಗೇ ಹೇಳಿದರು. ಗದರಿದ್ದರೆ ಅವಳು ಜಗಳವಾಡುತ್ತಿದ್ದಳೋ ಏನೋ.

ಒಂದು ಮಾತು ಹೇಳಲೇಬೇಕು. ಮಂಜಕ್ಕನಿಗಿಂತ ಎರಡು ವರ್ಷ ದೊಡ್ಡವನು ಅವಳ ಅಣ್ಣ. ಅವನಿಗೆ ಮೀಸೆ ಚಿಗುರಿದ ಮೇಲೂ ಗಣೇಶ ನೋಡಲು ಹೋಗುತ್ತಿದ್ದ. ಸಾಕೆನಿಸಿದಾಗ ಪೆಂಡಾಲ್ ಹುಡುಗರ ಜೊತೆ ಸೇರಿ ಅದೇ ಮನೆಗಳಿಗೆ ಚಂದಾ ಎತ್ತಲು ಹೋದ. ಯಾರೂ ಅವನ ವಯಸ್ಸು ಕೇಳಲಿಲ್ಲ. ಇನ್ನು ನಾನು ಕುಳ್ಳಿ, ಒಣಕಲು. ಹದಿನಾಲ್ಕು ತುಂಬುವವರೆಗೂ ಆ ಬೀದಿಗಳಲ್ಲಿ ಅಕ್ಷತೆ ಹಿಡಿದು ತಿರುಗಿದೆ. ಅದೇ ಮೇಷ್ಟ್ರ ಹೆಂಡತಿ ನನ್ನನ್ನು ನೋಡಿ, ‘ಇದಿನ್ನೂ ಮಗು’ ಎಂದು ನಕ್ಕು ಕರ್ಜಿಕಾಯಿ ಬೀಳಿಸುತ್ತಿದ್ದರು. ನಾನು ಕೈ ಚಾಚುತ್ತಿದ್ದೆ. ನಾಚಿಕೆ ಎಂಬುದು ಆಗ ಬರಲೇ ಇಲ್ಲ, ಅದು ಬಂದದ್ದು ಸಂಬಳ ಬರತೊಡಗಿದ ಮೇಲೆ.

ಮಂಜಕ್ಕನನ್ನು ಹದಿನೇಳಕ್ಕೆ ಮದ್ದೂರಿಗೆ ಕೊಟ್ಟರು. ಭಾವ ಒಳ್ಳೆಯವರೇ. ಮಕ್ಕಳು ಒಂದು ದಡ ಸೇರಿದ್ದಾರೆ. ಇಪ್ಪತ್ತು ವರ್ಷದಿಂದ ಅವಳು ಗೆಜ್ಜಲಗೆರೆಯ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಅವಳ ಎತ್ತರಕ್ಕೆ ಆ ಮಿಷನ್ನಿನ ಮೇಜು ಗಿಡ್ಡ. ಬೆನ್ನು ನೋವು ಬಿಟ್ಟಿಲ್ಲ. ಪ್ರತಿವರ್ಷ ಗೌರಿ ಹಬ್ಬಕ್ಕೆ ಬಾಗಿನದ ಮೊರ ತೆಗೆದುಕೊಂಡು ನಾನು ಅವಳ ಮನೆಗೆ ಹೋಗುತ್ತೇನೆ. ಪ್ರತಿವರ್ಷ ಹೇಳಿಬಿಡಬೇಕು ಎಂದುಕೊಳ್ಳುತ್ತೇನೆ. ಮೇಷ್ಟ್ರ ಹೆಂಡತಿ ಹೇಗೋ ಊಹಿಸಿದರು ಎಂದೇ ಮನೆಯವರೆಲ್ಲ ನಂಬಿದ್ದರು. ಮಂಜಕ್ಕನೂ ಹಾಗೇ ನಂಬಿದ್ದಾಳೆ ಎಂದು ನಾನು ತಿಳಿದಿದ್ದೆ. ಹೇಳದಿರುವುದಕ್ಕೆ ನನಗೊಂದು ಸಮಾಧಾನವೂ ಇತ್ತು. ಇವತ್ತಲ್ಲದಿದ್ದರೆ ಮುಂದಿನ ತಿಂಗಳು ಗೊತ್ತಾಗಿಯೇ ಆಗುತ್ತಿತ್ತು, ನಾನು ಹೇಳಿದ್ದರಿಂದ ಏನು ಮಹಾ ಆಯಿತು? ಇದನ್ನು ಹೇಳಿಕೊಂಡೇ ನಲವತ್ತು ವರ್ಷ ದಾಟಿಸಿದ್ದೇನೆ.

ಈ ಸಲ ಮಾತ್ರ ಆ ಗುಂಪಿನ ಪ್ರಶ್ನೆ ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಹೋದಾಗ ಮಂಜಕ್ಕ ಅಡುಗೆಮನೆಯಲ್ಲಿ ಕೂತು ಕಡುಬಿಗೆ ಕಾಯಿ ತುರಿಯುತ್ತಿದ್ದಳು. ಬಾಗಿನ ಕೊಟ್ಟು, ಎದುರಿಗೆ ಕೂತು, ಗುಂಪಿನ ವಿಷಯ ಹೇಳಿದೆ. ಅವಳು ನಕ್ಕಳು. ಆಮೇಲೆ ಹೇಳಿಬಿಟ್ಟೆ.

‘ಅಕ್ಕ, ಅವತ್ತು ಮೇಷ್ಟ್ರ ಮನೇಲಿ ಹೇಳಿದ್ದು ನಾನು.’

‘ಗೊತ್ತು ಬುಡು’ ಎಂದಳು, ತಲೆ ಎತ್ತದೆ. ‘ಬಾಗ್ಲಲ್ಲೇ ನಿಂತಿರ್ನಿಲ್ವಾ? ನಂಗೇನು ಕಿವಿ ಕೇಳ್ತಿರ್ನಿಲ್ವಾ?’

ಕಾಯಿ ತುರಿಯುತ್ತಲೇ ಮುಂದುವರಿಸಿದಳು. ‘ಆಗ ನೀನೂ ಚಿಕ್ಕ ಮಗ. ನೀ ಏಳ್ದಿದ್ರೂ ಮುಂದಿನ ತಿಂಗ್ಳು ಗೊತ್ತಾಗೋದು.’

ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ಆ ಹಗುರದಲ್ಲಿ ಬಾಯಿ ಜಾರಿತು. ‘ನಾನೂ ಹಂಗೇ ಅನ್ಕೋತಿದ್ದೆ ಅಕ್ಕ. ಹೆಂಗಿದ್ರೂ ಗೊತ್ತಾಗ್ತಿತ್ತಲ್ಲ ಅಂತ.’

ಮಂಜಕ್ಕನ ಕೈ ನಿಂತಿತು. ತುರಿಮಣೆಯನ್ನು ಪಕ್ಕಕ್ಕೆ ಸರಿಸಿ ನನ್ನ ಮುಖವನ್ನು ನೋಡಿದಳು. ದನಿ ಏರಿಸಲಿಲ್ಲ.

‘ಆ ಮಾತ ನಾನು ಏಳ್ಬೋದು ಕಣಮ್ಮಿ, ನೀನು ಏಳ್ಬಾರ್ದು. ಒಂದು ತಿಂಗ್ಳು ಅಂದ್ರೆ, ಭಾನುವಾರ ಕಳುದ್ರೆ, ಇಪ್ಪತ್ತಾರು ದಿನ ಇಸ್ಕೂಲು.’