ಡ್ರೈವರ್ ಬರದ ದಿನ

ನಂಜನಗೂಡಿನ ಕಾಲೇಜೊಂದರ ಲ್ಯಾಬ್ ಕೆಲಸಕ್ಕೆ ಅರ್ಜಿ ಹಾಕಿದಾಗ ನನಗೆ ನಲವತ್ತೊಂದು. ಮದುವೆಯಾಗಿ ಬನ್ನೂರಿಗೆ ಬಂದ ಮೇಲೆ ನಾನು ಕೇಳಿದ ಮೊದಲ ಕೆಲಸ ಅದು. ಪರೀಕ್ಷೆ ವಿಡಿಯೋ ಕರೆಯಲ್ಲೇ. ಅವರು ಕಳಿಸಿದ ಹಳೇ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮನ್ನು ನನ್ನ ಲ್ಯಾಪ್‌ಟಾಪಿನಲ್ಲಿ ವರ್ಚುವಲ್ ಮಷೀನಾಗಿ, ಅಂದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಸುಳ್ಳು ಕಂಪ್ಯೂಟರಾಗಿ ಎಬ್ಬಿಸಿ, ಹನ್ನೊಂದು ಗಂಟೆಗೆ ಅದರಲ್ಲಿ ಇಂಟರ್ನೆಟ್ ಓಡಿಸಿ ತೋರಿಸಬೇಕು. ತೋರಿಸದಿದ್ದರೆ ಕೆಲಸವಿಲ್ಲ.

ಅಂದು ಹತ್ತಾದರೂ ಆ ಸುಳ್ಳು ಕಂಪ್ಯೂಟರಿನೊಳಗೆ ನೆಟ್ ಇಲ್ಲ. ಮಹಾ ಜಾಣೆ ನಾನು! ವೇಗವಾಗಿರಲಿ ಎಂದು ಅದಕ್ಕೆ ಹೊಸ ಮಾದರಿಯ ನೆಟ್‌ವರ್ಕ್ ಕಾರ್ಡ್ ಕೊಟ್ಟಿದ್ದೆ. ಆ ಕಾರ್ಡನ್ನು ನಡೆಸುವ ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಮು ಹಳೇ ಲಿನಕ್ಸಿನಲ್ಲಿ ಇರಲೇ ಇಲ್ಲ. ಅದರೊಳಗೆ ಇಳಿಸಿಕೊಳ್ಳೋಣವೆಂದರೆ ನೆಟ್ ಬೇಕು, ನೆಟ್ ಬರಬೇಕೆಂದರೆ ಡ್ರೈವರ್ ಬೇಕು. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು!

"ಡ್ರೈವರ್ ಇಲ್ಲ, ಡ್ರೈವರ್ ಇಲ್ಲ, ಅದೊಂದೇ ರಾಗ ನಿಂದು!" ಎಂದು ಲ್ಯಾಪ್‌ಟಾಪಿಗೆ ಬೈದೆ.

ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ಅತ್ತೆ ತಲೆಯೆತ್ತಿದರು. ಮನೆಯಲ್ಲಿ ಹೊಸದೊಂದು, ಹಳೆಯದೊಂದು ಟ್ರ್ಯಾಕ್ಟರ್. ನಾಟಿ ದಿನಗಳಲ್ಲಿ ಡ್ರೈವರ್ ಕೈಕೊಡುವುದು ಇದ್ದದ್ದೇ.

"ಯಾಕವ್ವಾ, ಡ್ರೈವರ್ ಬರ್ನಿಲ್ವಾ?"

"ಇಲ್ಲ ಅತ್ತೆ. ಹೊಸದನ್ನ ನಡೆಸೋಕೆ ಯಾರೂ ಇಲ್ಲ."

"ಅದ್ಕ್ಯಾಕೆ ಇಂಗೆ ಒದ್ದಾಡ್ತೀಯೆ? ಒಸ ಗಾಡಿಗೆ ಡ್ರೈವರ್ ಸಿಕ್ನಿಲ್ಲ ಅಂದ್ರೆ ಅಳೇ ಗಾಡಿ ಈಚ್ಗೆ ತಗಿ. ಅದ ಓಡ್ಸೋಕೆ ಯಾರ್ಗ್ ಬರಲ್ಲ ಏಳು!"

ನಗು ಬಂತು. ನಗುತ್ತಿದ್ದಂತೆಯೇ ತಲೆಗೆ ಹೊಳೆಯಿತು. ಅಯ್ಯೋ, ಹೌದಲ್ಲ! ಮಷೀನನ್ನು ಬಂದ್ ಮಾಡಿ, ಸೆಟ್ಟಿಂಗ್ಸಿನಲ್ಲಿ ಹೊಸ ಕಾರ್ಡ್ ತೆಗೆದು ಹಳೇ ಮಾದರಿಯದನ್ನು ಹಾಕಿದೆ. ಅದರ ಡ್ರೈವರ್ ಲಿನಕ್ಸಿನೊಳಗೇ ಇತ್ತು. ಮತ್ತೆ ಎಬ್ಬಿಸಿದ್ದೇ ತಡ, ನೆಟ್ ಬಂತು. ಖುಷಿಗೆ ಕುಣಿದೇಬಿಟ್ಟೆ.

ಹನ್ನೊಂದಕ್ಕೆ ನೆಟ್ ಓಡಿಸಿ ತೋರಿಸಿ, ಕಾರ್ಡ್ ಬದಲಾಯಿಸಿದ್ದನ್ನೂ ಹೇಳಿದೆ. ಎಲ್ಲ ನೋಡಿದ ಪರೀಕ್ಷಕರು, "ಕಾರ್ಡ್ ಬದಲಾಯಿಸೋದು ಹೇಗೆ ಹೊಳೀತಮ್ಮಾ?" ಎಂದರು.

"ನಮ್ಮತ್ತೆ ಹೇಳಿದ್ರು ಸಾರ್."

ತಮಾಷೆ ಎಂದುಕೊಂಡು ನಕ್ಕರು. ಸೋಮವಾರದಿಂದ ಬನ್ನಿ ಎಂದರು.

ಅತ್ತೆಗೆ ಹೇಳಿದೆ. ಅವರು ಮೊರ ಪಕ್ಕಕ್ಕಿಟ್ಟು, ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದರು. ನರಸೀಪುರದಲ್ಲಿ ಬಸ್ ಬದಲಾಯಿಸಬೇಕು, ಏಳಕ್ಕೇ ಹೊರಡಬೇಕು, ನಾಲ್ಕಕ್ಕೆದ್ದು ಅಡುಗೆ ಮುಗಿಸಿಟ್ಟೇ ಹೋಗುತ್ತೇನೆ ಎಂದೆ.

"ನಾಕಕ್ಕೇನೂ ಏಳ್ಬೇಡ" ಎಂದರು. "ಇಪ್ಪತ್ತು ವರ್ಸ ನೀ ಇಕ್ಕಿದ್ದ ಉಂಡಿವ್ನಿ. ಸ್ವಾಮಾರದಿಂದ ನಿನ್ಗೆ ನಾ ಬುತ್ತಿ ಕಟ್ಟಿಕೊಡ್ತೀನಿ. ನೀ ಕೆಲ್ಸಕ್ಕೋಗು."