ಏಸಿ ಸೋರಿತು, ಯಜಮಾನರು ಎಂಜಿನಿಯರಾದರು

ಟಪ್ ಎಂದು ನೀರಿನ ಹನಿಯೊಂದು ನಮ್ಮ ಯಜಮಾನರ ನುಣ್ಣನೆಯ ತಲೆಯ ಮೇಲೆ ಬಿತ್ತು. ರವೀಂದ್ರನಗರದಲ್ಲಿ ಬೇರೆ ಯಾರ ಮನೆಯಲ್ಲೂ ಇಲ್ಲವೆಂದು ಅವರೇ ಹಟ ಹಿಡಿದು ಹಾಲ್‌ನ ಸೀಲಿಂಗ್‌ಗೆ ಹಾಕಿಸಿದ ಏಸಿ ಅದು! ಸ್ಟೂಲ್ ಹತ್ತಿ ಫಿಲ್ಟರ್ ತೊಳೆದರು, ರಿಮೋಟಿನ ಸೆಲ್ ಬದಲಿಸಿದರು, ಕೊನೆಗೆ "ಗ್ಯಾಸ್ ಲೀಕು" ಎಂದು ತೀರ್ಪು ಕೊಟ್ಟರು. ಗ್ಯಾಸ್ ನೀರಾಗಿ ಸೋರುವುದನ್ನು ನಾನು ನೋಡಿದ್ದು ಅದೇ ಮೊದಲು.

ಅವರು ಫೋನಿನಲ್ಲಿ ಮೆಕ್ಯಾನಿಕ್‌ಗೆ ಬೈಯುತ್ತಿದ್ದಾಗ ನಾನು ಹಿತ್ತಲಿಗೆ ಹೋದೆ. ಏಸಿಯ ನೀರು ಹೊರಹೋಗುವ ಪೈಪಿನ ತುದಿಯನ್ನು ಯಾರೋ ಮೇಲೆತ್ತಿ, ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಿದ್ದರು. ಪೈಪಿನೊಳಗೆ ಗಾಳಿ ಸಿಕ್ಕಿಕೊಂಡು, ಇಳಿಯಲು ದಾರಿಯಿಲ್ಲದ ನೀರು ಹಾಲ್‌ಗೇ ವಾಪಸ್ ಬರುತ್ತಿತ್ತು. ಯಾರೋ ಏನು, ಹಿಂದಿನ ದಿನ ಭದ್ರಾವತಿಯಿಂದ ಬಂದಿದ್ದ ನಮ್ಮತ್ತೆಯೇ. ಅಲ್ಲಿನ ಕಾಗದನಗರದ ಪೇಪರ್ ಮಿಲ್ ಕ್ವಾರ್ಟರ್ಸ್‌ನಲ್ಲಿ, ನಲ್ಲಿ ನೀರು ಬಂದಾಗ ಚೊಂಬನ್ನೂ ಬಿಡದೆ ತುಂಬಿಟ್ಟು ಸಂಸಾರ ಮಾಡಿದವರು.

ಅವರನ್ನು ಕರೆತಂದು ಸೀಲಿಂಗ್ ತೋರಿಸಿದೆ. "ಅಯ್ಯೋ, ಇಲ್ಲೂ ನೀರು ಪೋಲಾಗ್ತಿದ್ಯಲ್ಲೇ! ಒಂದು ಬಕೆಟ್ ಇಡಬಾರ್ದಾ ಮಾರಾಯ್ತಿ?" ಎಂದರು.

ನಾನು ಪೈಪ್ ಕೆಳಗಿಳಿಸಿದೆ, ಹನಿ ನಿಂತಿತು. ಎಲ್ಲವನ್ನೂ ಕಣ್ಣಾರೆ ಕಂಡರೂ ಯಜಮಾನರು ಇವತ್ತಿಗೂ ತಪ್ಪು ಗ್ಯಾಸಿನದೇ ಎನ್ನುತ್ತಾರೆ. ತಪ್ಪು ನಿನ್ನದೇ ಎಂದು ತಮ್ಮ ಅಮ್ಮನಿಗೆ ಹೇಳಲು ಹೋದರೆ ಬೈಸಿಕೊಳ್ಳಬೇಕು. ಗ್ಯಾಸ್ ಪಾಪ, ತಿರುಗಿ ಮಾತಾಡುವುದಿಲ್ಲ.