ಕೂರಿಸಿದಲ್ಲೇ ಕೂತಿದ್ದ ಮಗು

ನನ್ನ ತಂಗಿಯ ಅತ್ತೆಗೆ ಹೇಳಿಕೊಳ್ಳಲು ಇದ್ದದ್ದು ಒಂದೇ ಒಂದು ಕಥೆ. ಅದು ಅವರ ಮಗನ ಕಥೆ, ಅಂದರೆ ನನ್ನ ತಂಗಿಯ ಗಂಡನದು. ಅವನು ಆಗಷ್ಟೇ ನಡೆಯಲು ಕಲಿತಿದ್ದನಂತೆ. ಅಂಗಡಿಯೊಂದರ ಮೆಟ್ಟಿಲ ಮೇಲೆ ಅವನನ್ನು ಕೂರಿಸಿ, ಬಟ್ಟೆ ಆರಿಸುವ ಭರದಲ್ಲಿ ಮರೆತು, ಇವರು ಮನೆಗೇ ಬಂದುಬಿಟ್ಟಿದ್ದರಂತೆ. ಎದೆ ಬಡಿದುಕೊಳ್ಳುತ್ತಾ ವಾಪಸ್ಸು ಓಡಿದರೆ ಮಗು ಕೂರಿಸಿದಲ್ಲೇ ಕೂತಿತ್ತಂತೆ. ಅತ್ತಿಲ್ಲ, ಅಲುಗಿಲ್ಲ. "ಅಷ್ಟು ಪಾಪದ್ದು ನನ್ನ ಮಗ. ಹುಟ್ಟಿದಾಗಿನಿಂದ ಹಾಗೇ. ಮನೇಲಿ ಮಗು ಇದೆಯೋ ಇಲ್ವೋ ಅಂತಾನೇ ಗೊತ್ತಾಗ್ತಿರಲಿಲ್ಲ," ಎನ್ನುವಾಗ ಆಕೆಯ ಮುಖ ನೋಡಬೇಕು, ಚಿನ್ನದ ಪದಕ ಗೆದ್ದವರ ಹಾಗೆ! ಮದುವೆ ಮಾತುಕತೆಗೆ ಹೋದಾಗ ನಮಗೆ ಹೇಳಿದರು. ಸಿಲಿಂಡರ್ ತಂದವನಿಗೆ ಹೇಳಿದರು. ನನ್ನನ್ನಂತೂ ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದೆ.

ಆ ಮಗು ಬೆಳೆದು ಲಿಫ್ಟ್ ಮೆಕ್ಯಾನಿಕ್ ಆದ. ಎತ್ತರದ ಕಟ್ಟಡಗಳ ತಾರಸಿಯ ಮೇಲಿನ ಮೋಟಾರು ಕೋಣೆ, ತಳದ ಗುಂಡಿ, ಎರಡರ ನಡುವಿನ ಕತ್ತಲು, ಇಷ್ಟೇ ಅವನ ಕಚೇರಿ. ಬಾಗಿಲು ಜಾರುವ ಹಳಿಯಲ್ಲಿ ಸಿಕ್ಕಿದ ಕಸ ಕೆರೆಯುವುದು, ಕಬ್ಬಿಣದ ಹಗ್ಗ ಎಲ್ಲಾದರೂ ಸಿಬಿರೆದ್ದಿದೆಯೇ ಎಂದು ಬಟ್ಟೆ ಹಿಡಿದು ಸವರಿ ನೋಡುವುದು, ಬ್ರೇಕು ಬಿಗಿ ಮಾಡುವುದು. ಬಾಯಿ ಬಿಟ್ಟರೆ ಮುತ್ತು ಉದುರುತ್ತದೆ ಎನ್ನುವಂತಿದ್ದ ಅವನಿಗೆ ಜೊತೆಯವರು ಇಟ್ಟ ಹೆಸರು 'ಸೈಲೆಂಟು'. ನನ್ನ ತಂಗಿಯೋ ಮಹಾ ಬಾಯಿಬಡಕಿ. ಹೇಳಿ ಮಾಡಿಸಿದ ಜೋಡಿ: ಅವಳಿಗೆ ಹೇಳುವ ಕೆಲಸ, ಅವನಿಗೆ ಕೇಳುವ ಕೆಲಸ. ನಗು ಬಂದರೂ ಸದ್ದಿಲ್ಲ, ಭುಜ ಮಾತ್ರ ಕುಲುಕುತ್ತಿತ್ತು. ಆ ಭುಜ ಕುಲುಕಿಸುವುದೇ ನನಗೊಂದು ಆಟ. ನನ್ನ ಡ್ರೈಕ್ಲೀನಿಂಗ್ ಅಂಗಡಿಗೆ ಬರುವ ಗಿರಾಕಿಗಳನ್ನು ಅಣಕಿಸಿ ತೋರಿಸಿದರೆ ಸಾಕು, ಊಟ ಬಿಟ್ಟು ಕುಲುಕುತ್ತಿದ್ದ.

ಅದು ಯಾವಾಗ ನಿಂತಿತೋ ಸರಿಯಾಗಿ ಹೇಳಲಾರೆ. ಸುಮ್ಮನಿರುವ ಮನುಷ್ಯ ಇನ್ನಷ್ಟು ಸುಮ್ಮನಾದರೆ ಯಾರು ಲೆಕ್ಕ ಇಡುತ್ತಾರೆ? ಆದರೆ ಮೊದಲಿನ ಸುಮ್ಮನೆ ಬೇರೆ, ಇದು ಬೇರೆ. ತಟ್ಟೆಯ ಮುಂದೆ ಕೂತವನು ಕೂತೇ ಇರುತ್ತಿದ್ದ, ಅನ್ನ ಆರಿ ತಣ್ಣಗಾಗುತ್ತಿತ್ತು. ಸ್ನಾನ ಮಾಡು ಎಂದರೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸದೆ ವಾಪಸ್ಸು ಬರುತ್ತಿದ್ದ. ನಾನು ಅಣಕಿಸಿ ತೋರಿಸಿದರೆ, ಪರದೇಶದ ಭಾಷೆ ಕೇಳಿದವನ ಹಾಗೆ ಪಿಳಿಪಿಳಿ ನೋಡುತ್ತಿದ್ದ. ಕಾರಣ ಏನು ಎಂದು ಎಲ್ಲರೂ ಕೇಳಿದರು. ಕಾರಣ ಗೊತ್ತಿದ್ದರೆ ಅವನೇ ಹೇಳುತ್ತಿರಲಿಲ್ಲವೇ?

ಒಂದು ದಿನ ಕೆಲಸದ ಜೊತೆಗಾರನನ್ನು ಊಟಕ್ಕೆ ಕಳಿಸಿ ತಾನು ಇಳಿದು ಬರಲಿಲ್ಲ. ಜೊತೆಗಾರ ಹುಡುಕಿಕೊಂಡು ಹೋದರೆ, ಎರಡು ಮಹಡಿಗಳ ನಡುವೆ ನಿಲ್ಲಿಸಿದ ಲಿಫ್ಟಿನ ನೆತ್ತಿಯ ಮೇಲೆ ಕೂತಿದ್ದ. ಸೊಂಟದ ಸುರಕ್ಷಾ ಬೆಲ್ಟು ಬಿಚ್ಚಿ, ನೀಟಾಗಿ ಮಡಚಿ, ಅದರ ಮೇಲೆ ಮೊಬೈಲನ್ನೂ ಮನೆಯ ಬೀಗದ ಕೈಯನ್ನೂ ಇಟ್ಟಿದ್ದ. ಜೊತೆಗಾರ ಬುದ್ಧಿವಂತ, ಕಿರುಚಲಿಲ್ಲ. "ಬಾರೋ ಸೈಲೆಂಟು, ನಂಗೊಬ್ಬನಿಗೇ ಊಟ ಸೇರ್ತಿಲ್ಲ," ಎಂದು ಕೈ ಚಾಚಿದನಂತೆ. ಇವನು ಆ ಕೈ ಹಿಡಿದ. ಬೆಲ್ಟು ಯಾಕೆ ಬಿಚ್ಚಿಟ್ಟೆ ಎಂದು ಅವನನ್ನು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಮನೋರೋಗದ ಡಾಕ್ಟರಮ್ಮ ಅವನನ್ನು ನೋಡಿದ್ದೇ, "ಅಡ್ಮಿಟ್ ಮಾಡಿ, ಒಬ್ಬರನ್ನೇ ಬಿಡೋ ಹಾಗಿಲ್ಲ," ಎಂದರು. ಕಂಪನಿ ಕೊಟ್ಟ ಇನ್ಶೂರೆನ್ಸ್ ಕಾರ್ಡಿತ್ತು. ಬಂದು ತೋರಿಸಿಕೊಂಡು ಹೋಗುವವರಿಗೆ ಅದು ನಯಾಪೈಸೆ ಬಿಚ್ಚುವುದಿಲ್ಲ, ಮಂಚ ಹಿಡಿದವರಿಗೆ ಮಾತ್ರ. ಹೇಗೂ ಮಂಚ ಹಿಡಿದೇ ಆಗಿತ್ತಲ್ಲ. "ಮಾತ್ರೆ ಹಿಡಿಯೋಕೆ ಸಮಯ ಬೇಕು. ಆಮೇಲೆ ದಿನಾ ಕೂತು ಮಾತಾಡಿಸಬೇಕು. ಅರ್ಧಕ್ಕೆ ಬಿಟ್ರೆ ಮೊದಲಿಗಿಂತ ಕಷ್ಟ ಆಗುತ್ತೆ, ನೆನಪಿರಲಿ," ಎಂದು ಡಾಕ್ಟರಮ್ಮ ನನ್ನ ತಂಗಿಯ ಕೈ ಹಿಡಿದು ಹೇಳಿದರು. ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ಕಿರಿಯ ಡಾಕ್ಟರು, "ಯಾವಾಗಿನಿಂದ ಹೀಗೆ?" ಎಂದು ಕೇಳಿದರು.

ನನ್ನ ತಂಗಿ ಬಾಯಿ ತೆರೆಯುವ ಮೊದಲೇ ಅತ್ತೆ ಮುಂದೆ ಬಂದರು. "ಹುಟ್ಟಿದಾಗಿನಿಂದ ಡಾಕ್ಟ್ರೇ! ಒಂದ್ಸಲ ಏನಾಯ್ತು ಗೊತ್ತಾ, ಅಂಗಡಿ ಮೆಟ್ಟಿಲ ಮೇಲೆ..." ಕಥೆ ಪೂರ್ತಿ ಆಯಿತು. ಹೊರಗೆ ಬಂದ ಮೇಲೆ ನನಗೆ ಪಿಸುಗುಟ್ಟಿದರು: "ಒಳ್ಳೇ ಹುಡುಗ ಅಂತ ಗೊತ್ತಾದ್ರೆ ಚೆನ್ನಾಗಿ ನೋಡ್ಕೋತಾರಮ್ಮ."

ಚೆನ್ನಾಗಿಯೇ ನೋಡಿಕೊಂಡರು, ಅದನ್ನು ಇಲ್ಲವೆನ್ನಲಾರೆ. ಮೊದಲು ಬರೀ ನಿದ್ದೆ. ಆಮೇಲೆ ಹಾಸಿಗೆಯಲ್ಲಿ ಎದ್ದು ಕೂತ. ಒಂದು ಮಧ್ಯಾಹ್ನ ತಂಗಿ ಏದುಸಿರು ಬಿಡುತ್ತಾ ಅಂಗಡಿಗೆ ಓಡಿಬಂದಳು. ಏನು ಕೇಡಾಯಿತೋ ಎಂದು ಕೈಯಲ್ಲಿದ್ದ ಕೋಟು ಬಿಟ್ಟು ಎದ್ದೆ. "ಅಕ್ಕಾ, ಮಾತಾಡಿದ್ರು ಕಣೇ! ಆಸ್ಪತ್ರೆ ಲಿಫ್ಟಿನ ಬಾಗಿಲು ಉಜ್ತಾ ಇದೆಯಂತೆ, ಯಾರಿಗಾದ್ರೂ ಹೇಳು ಅಂದ್ರು!" ಗಿರಾಕಿಗಳ ಕೋಟು ಪ್ಯಾಂಟುಗಳ ನಡುವೆ ಇಬ್ಬರೂ ತಬ್ಬಿಕೊಂಡು ಅತ್ತೆವು. ನಮ್ಮ ಪಾಲಿಗೆ ಬಂದ ಒಳ್ಳೆಯ ದಿನ ಅದೊಂದೇ.

ಅದಾದ ಸ್ವಲ್ಪ ದಿನಕ್ಕೇ ಆಸ್ಪತ್ರೆಯ ಇನ್ಶೂರೆನ್ಸ್ ಮೇಜಿನ ಹುಡುಗಿ ಕರೆದಳು. ಕಂಪನಿಯ ಪಾಲಿಸಿ ಶುರುವಾದದ್ದು ಹೋದ ವರ್ಷ. ಅದಕ್ಕೂ ಮೊದಲೇ ಇದ್ದ ಕಾಯಿಲೆಯಾದರೆ ಅವರು ಕೊಡುವುದಿಲ್ಲ. ಇವನದು ಹುಟ್ಟಿನಿಂದಲೇ ಇದೆ ಎಂದು ಆಸ್ಪತ್ರೆಯ ಕಾಗದದಲ್ಲೇ ಬರೆದಿದೆಯಲ್ಲ, ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲೇ ನಿಂತು ಇನ್ಶೂರೆನ್ಸಿನವರಿಗೆ ಫೋನು ಹಚ್ಚಿದೆ. ಸಂಗೀತ ಕೇಳಿಸಿ ಕೇಳಿಸಿ ಕಿವಿ ಕೆಟ್ಟ ಮೇಲೆ ಒಬ್ಬ ಸಿಕ್ಕಿದ.

"ಮೇಡಂ, ಪೇಶೆಂಟ್ ತಾಯಿನೇ ಹೇಳಿದಾರೆ, ಹುಟ್ಟಿದಾಗಿನಿಂದ ಇದೆ ಅಂತ."

"ಏನಿದೆ? ಸುಮ್ಮನಿರೋದಾ? ಸುಮ್ಮನಿರೋದು ಯಾವಾಗಿಂದ ಕಾಯಿಲೆ ಆಯ್ತಪ್ಪಾ? ಹಾಗಾದ್ರೆ ನಾನು ಹುಟ್ಟಾ ಆರೋಗ್ಯವಂತೆ!"

"ನಿಮ್ಮ ತೊಂದರೆ ಅರ್ಥ ಆಗುತ್ತೆ ಮೇಡಂ. ಬೇರೆ ಏನಾದ್ರೂ ಸಹಾಯ ಬೇಕಿತ್ತಾ?"

"ಇದೇ ಇನ್ನೂ ಆಗಿಲ್ಲ, ಬೇರೆ ಏನು ಕೇಳ್ಲಿ?"

ಡಾಕ್ಟರಮ್ಮ ಪತ್ರ ಬರೆದರು: ಮಿತಭಾಷಿಯಾಗಿರುವುದು ಸ್ವಭಾವ, ಕಾಯಿಲೆ ಈಚಿನದು. ಅದಕ್ಕೆ ಇನ್ಶೂರೆನ್ಸಿನವರು, ನಮ್ಮವರೊಬ್ಬರು ಮನೆಗೆ ಬಂದು ವಿಚಾರಿಸುತ್ತಾರೆ ಎಂದರು. ಸರಿ, ಅತ್ತೆಗೆ ಗಿಳಿಪಾಠ ಶುರುವಾಯಿತು. ಮೇಷ್ಟ್ರು ನಾನೇ.

"ಚಿಕ್ಕವನಿದ್ದಾಗ ಎಲ್ಲ ಮಕ್ಕಳ ಹಾಗೇ ಇದ್ದ. ಇಷ್ಟೇ ಹೇಳಿ ಅಮ್ಮಾ. ಸುಳ್ಳೇನಲ್ಲವಲ್ಲ?"

"ಮೆಟ್ಟಿಲು?"

"ಮೆಟ್ಟಿಲು ಬೇಡ."

"ಪೂರ್ತಿ ಬೇಡ್ವಾ?"

"ಅರ್ಧವೂ ಬೇಡ. ನಿಮ್ಮ ದಮ್ಮಯ್ಯ."

ಪಾತ್ರೆ ಉಜ್ಜುವಾಗ, ಬಟ್ಟೆ ಹಿಂಡುವಾಗ, ಎಲ್ಲ ಮಕ್ಕಳ ಹಾಗೇ ಇದ್ದ, ಎಲ್ಲ ಮಕ್ಕಳ ಹಾಗೇ ಇದ್ದ ಎಂದು ಗುನುಗುತ್ತಿದ್ದರು, ಪಾಪ.

ಯಾವ ಯಮನ ದೂತ ಬರುತ್ತಾನೋ ಎಂದು ಸೆರಗು ಕಟ್ಟಿ ನಿಂತಿದ್ದೆ. ಬಂದವರು ತಲೆ ನರೆತ, ಮೆತ್ತಗಿನ ಮಾತಿನ ಮನುಷ್ಯ. ಚಪ್ಪಲಿ ಹೊರಗೆ ಬಿಟ್ಟರು, ನೀರು ಕೇಳಿ ಕುಡಿದರು, ಮಂಡಿನೋವು ಎಂದು ಹೇಳಿಕೊಂಡರು. ಎಲ್ಲ ಕೇಳಿದರು. ಅತ್ತೆ ಎಲ್ಲಿಯೂ ಎಡವಲಿಲ್ಲ. ಆತ ಪೆನ್ನು ಮುಚ್ಚಿ ಚೀಲಕ್ಕೆ ಹಾಕಿದಾಗ ನಾನು ಉಸಿರು ಬಿಟ್ಟೆ. ಏಳುವಾಗ ಗೋಡೆಯ ಮೇಲಿದ್ದ ಅವನ ಬಾಲ್ಯದ ಫೋಟೋ ಕಣ್ಣಿಗೆ ಬಿತ್ತು.

"ಇವರೇನಾ? ಎಷ್ಟು ಮುದ್ದಾಗಿದಾರೆ! ಕಣ್ಣು ನೋಡಿದ್ರೇ ಗೊತ್ತಾಗುತ್ತೆ, ತುಂಬಾ ಗಲಾಟೆ ಮಾಡಿರಬೇಕು ಅಲ್ವಾಮ್ಮ?"

"ಗಲಾಟೆನಾ? ನನ್ನ ಮಗನಾ?" ಮುದುಕಿಗೆ ಆ ಅಪವಾದ ತಡೆಯಲಾಗಲಿಲ್ಲ. ನಾನು ಕೆಮ್ಮಿದೆ. ತಂಗಿ ಕೈಯಿಂದ ಲೋಟ ಬಿಟ್ಟಳು, ಅದು ಟಣಟಣ ಉರುಳಿಕೊಂಡು ಬಾಗಿಲ ತನಕ ಹೋಯಿತು. ಅತ್ತೆಯ ಕಿವಿಗೆ ಏನೂ ಬೀಳಲಿಲ್ಲ. ಅಂಗಡಿ ಬಂತು, ಮೆಟ್ಟಿಲು ಬಂತು, ಅಳಲಿಲ್ಲ, ಅಲುಗಲಿಲ್ಲ ಎಲ್ಲವೂ ಬಂತು. ಆತ ಮತ್ತೆ ಕೂತು ಪೆನ್ನು ತೆಗೆದರು. ಬೇಕೆಂದೇ ಕೇಳಿದರೋ, ಸುಮ್ಮನೆ ಬಾಯಿಗೆ ಬಂತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಹಾಳಾಗಿ ಹೋಗಲಿ.

ಕ್ಲೇಮು ತಿರಸ್ಕೃತವಾಯಿತು. ಮೇಲ್ಮನವಿ ಹಾಕಿದೆ, ಚಪ್ಪಲಿ ಸವೆಸಿದೆ, ಸಿಕ್ಕಿದವರಿಗೆಲ್ಲ ಕೈ ಮುಗಿದೆ, ಕೈ ಮುಗಿದವರನ್ನೇ ಬೈದೆ. ಬಂದ ಉತ್ತರ ಅದೇ, ಅಲ್ಪವಿರಾಮ ಕೂಡ ಬದಲಾಗಿರಲಿಲ್ಲ. ಅಷ್ಟರಲ್ಲಿ ನಮ್ಮ ಕೈಯಲ್ಲಿದ್ದದ್ದು, ಸಾಲ ಹುಟ್ಟಿದ್ದು ಎಲ್ಲ ಮುಗಿದಿತ್ತು. ಮಾತಾಡಿಸುವ ಚಿಕಿತ್ಸೆ ಆಗಷ್ಟೇ ಶುರುವಾಗಿತ್ತು. ಡಾಕ್ಟರಮ್ಮ ಬಿಡುಗಡೆಯ ಕಾಗದಕ್ಕೆ ಸಹಿ ಹಾಕುವಾಗ ನಮ್ಮ ಮುಖ ನೋಡಲಿಲ್ಲ.

ಮನೆಗೆ ಬರುವಾಗ ಆಟೋದಲ್ಲಿ ಅವನು ನನ್ನ ಪಕ್ಕ ಕೂತಿದ್ದ. "ಅಕ್ಕಾ," ಎಂದ. ಅವನಾಗಿ ಬಾಯಿ ತೆರೆದದ್ದೇ ಹೆಚ್ಚು ಎಂದು ತಿರುಗಿದೆ. "ಆವತ್ತು ಮೆಟ್ಟಿಲ ಮೇಲೆ ಸುಮ್ನೆ ಕೂತಿದ್ನಲ್ಲ, ಅದೂ ಕಾಯಿಲೇನಾ?"

"ಅಲ್ಲಪ್ಪಾ! ಆ ದರಿದ್ರದವರ ಮಾತು ಯಾಕೆ ಕಟ್ಕೋತೀಯ?"

"ಅಮ್ಮನೂ ಅದೇ ಹೇಳಿದ್ಲಲ್ಲ," ಎಂದು ಹೊರಗೆ ನೋಡತೊಡಗಿದ.

ಈಗ ದೊಡ್ಡಾಸ್ಪತ್ರೆಯಲ್ಲಿ ಪುಕ್ಕಟೆ ಮಾತ್ರೆ. ಸರದಿಯಲ್ಲಿ ನಿಂತು ಒಳಗೆ ಹೋದರೆ ಪ್ರತಿ ಸಲವೂ ಹೊಸ ಡಾಕ್ಟರು. ಹೇಗಿದೀರಾ? ಇದೀನಿ. ಮುಂದಿನವರು ಬನ್ನಿ. ಮೇಲೆ ಹತ್ತಿಸಲು ಧೈರ್ಯವಿಲ್ಲದೆ ಕಂಪನಿಯವರು ಅವನನ್ನು ಬಿಡಿಭಾಗಗಳ ಕೋಣೆಯಲ್ಲಿ ಸ್ಟೂಲು ಹಾಕಿ ಕೂರಿಸಿದ್ದರು. ಆಮೇಲೆ ಮನೆಯಲ್ಲೇ ವಿಶ್ರಾಂತಿ ತಗೋ ಎಂದರು. ತಟ್ಟೆಯಲ್ಲಿ ಅನ್ನ ಮತ್ತೆ ತಣ್ಣಗಾಗುತ್ತದೆ. ತಂಗಿ ಬಚ್ಚಲ ಬಾಗಿಲಿನ ಚಿಲಕ ತೆಗೆಸಿದ್ದಾಳೆ, ತಾರಸಿಗೆ ಬೀಗ ಹಾಕಿಸಿದ್ದಾಳೆ. ಅವಳ ಬಾಯಿಯೂ ನಿಂತುಹೋಗಿದೆ. ಒಮ್ಮೆ ಮಾತ್ರ, ಸಿಟ್ಟು ತಡೆಯಲಾಗದೆ, ನಿಮ್ಮ ಕಥೆಯಿಂದಲೇ ಎಲ್ಲ ಹಾಳಾಯಿತು ಎಂದು ಅತ್ತೆಯ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟಳಂತೆ.

ಮೊನ್ನೆ ತಂಗಿಯ ಮನೆಗೆ ಹೋದಾಗ ಅಲ್ಲಿಗೆ ಹೊಸದಾಗಿ ಬಾಡಿಗೆಗೆ ಬಂದ ಪಕ್ಕದ ಮನೆಯಾಕೆ ಕೂತಿದ್ದರು. ಅವನು ಕಿಟಕಿಯ ಬಳಿ ಕುರ್ಚಿಯಲ್ಲಿದ್ದ. ಆಕೆ ಲೋಕಾಭಿರಾಮವಾಗಿ, "ನಿಮ್ಮ ಮಗ ಮಾತೇ ಆಡಲ್ಲ, ಮೊದಲಿನಿಂದಲೂ ಹೀಗೇನಾ?" ಎಂದರು.

"ಅಯ್ಯೋ, ಇಲ್ಲಪ್ಪ!" ಅತ್ತೆ ಬೆಚ್ಚಿಬಿದ್ದು ಬಾಗಿಲ ಕಡೆ ಒಮ್ಮೆ ನೋಡಿದರು. "ಎಂಥ ತುಂಟ ಗೊತ್ತಾ? ಒಂದು ಕಡೆ ನಿಲ್ತಿರಲಿಲ್ಲ. ಒಂದ್ಸಲ ಅಂಗಡಿ ಮೆಟ್ಟಿಲ ಮೇಲೆ ಕೂರಿಸಿ ಹೀಗೆ ತಿರುಗಿದೀನಿ, ಮಾಯ! ಬೀದಿ ಬೀದಿ ಹುಡುಕಿದ್ವಿ."

"ಅಯ್ಯಯ್ಯೋ! ಆಮೇಲೆ ಸಿಕ್ತಾ?"

ಹೊಸ ಕಥೆಯನ್ನು ಅತ್ತೆ ಅಲ್ಲಿಯ ತನಕ ಕಟ್ಟಿರಲಿಲ್ಲ. ಬಾಯಿ ತೆರೆದವರು ಹಾಗೆಯೇ ನನ್ನ ಮುಖ ನೋಡಿದರು.

"ಇಲ್ಲ," ಎಂದ ಅವನು ಕುರ್ಚಿಯಿಂದಲೇ. "ಸಿಗಲಿಲ್ಲ."

ಪಕ್ಕದ ಮನೆಯಾಕೆ ತಮಾಷೆ ಎಂದುಕೊಂಡು ಜೋರಾಗಿ ನಕ್ಕರು. ನಾನು ಅವನ ಭುಜ ನೋಡಿದೆ. ಅದು ಅಲುಗಲಿಲ್ಲ.